ಬಾನೆಟ್ಟಿಗೆ ಮೂರಡಿ

ಸಾಲಗಾಮೆ ರಸ್ತೆಯ ನನ್ನ ಆಫೀಸಿಗೆ,
ಜೆರಾಕ್ಸ್ ಅಂಗಡಿ ಮೇಲಿನ ಒಂದೂವರೆ ಕೋಣೆಗೆ,
ಮೆಟ್ಟಿಲೆಣಿಸುತ್ತ ಬಂದರು ಧರಣೇಂದ್ರಯ್ಯ.
ಪಾಲಿಟೆಕ್ನಿಕ್ಕಿನಲ್ಲಿ ಲೇತ್ ಕಲಿಸಿ ನಿವೃತ್ತರು.
ಕೂರುವ ಮೊದಲೇ ಹೇಳಿದರು:
‘ಹದಿನೇಳು ಮೆಟ್ಟಿಲು. ಒಂಬತ್ತನೇದು ಅರ್ಧ ಇಂಚು ಎತ್ತರ.’
ನಿಜ. ಅಲ್ಲೇ ಎಲ್ಲರೂ ಎಡವುವುದು.

ಅವರಿಗೊಂದು ಗ್ಯಾರೇಜು ಬೇಕು.
‘ಷೆಡ್ಡಾಗಿದ್ರೆ ನಾಲ್ಕು ಕಂಬಿ ನೆಟ್ಟು ತಗಡು ಹೊದಿಸ್ತಿದ್ದೆ,
ನಿಮ್ಮತ್ರ ಯಾಕೆ ಬರ್ಲಿ?’
ಜೇಬಿಂದ ಬಂತು ಕ್ಯಾಲೆಂಡರಿನ ಬೆನ್ನು, ಎಂಟು ಮಡಿಕೆ:
ಹನ್ನೆರಡು ಅಡಿ ಒಂಬತ್ತು ಇಂಚು ಉದ್ದ,
ಐದಡಿ ಅಗಲ. ಸ್ಟ್ಯಾಂಡರ್ಡ್ ಹೆರಾಲ್ಡ್.
ನಾನು ಹುಟ್ಟುವ ಮೊದಲೇ ಕಂಪನಿ ಕೈಬಿಟ್ಟ ಕಾರು.

‘ಮುಂದೆ ಮೂರಡಿ ಜಾಸ್ತಿ ಬಿಡಿ.’
ಯಾಕೆ ಅಂದೆ.
ಎದ್ದು ನಿಂತು ಸೊಂಟದಿಂದ ಮುಂದಕ್ಕೆ ಬಾಗಿದರು.
‘ಇದರ ಬಾನೆಟ್ಟು ಬೇರೆ ಕಾರಿನ ಹಾಗೆ ಬಾಯಿ ತೆರೆಯಲ್ಲ.
ಮಡ್‌ಗಾರ್ಡು, ದೀಪ ಎಲ್ಲ ಹೊತ್ತುಕೊಂಡು
ಹೀಗೆ, ಹಿರಿಯರ ಕಾಲಿಗೆ ಬೀಳುತ್ತೆ.’
ಬಾಗಿದಲ್ಲೇ ಸ್ವಲ್ಪ ಹೊತ್ತು ಉಳಿದರು.
ಸೊಂಟ ಹಿಡಿದಿತ್ತು.

ಹನ್ನೊಂದು ಸಲ ಬರೆದೆ, ಹನ್ನೊಂದು ಸಲ ತಿದ್ದಿಸಿದರು.
ಅಡಿಯಲ್ಲಿ ಕೇಳಿದರೆ ಸೂತಿನಲ್ಲಿ ಉತ್ತರ.
ಬಣ್ಣ ನೋಡಲು ಉತ್ತರದ ಬೆಳಕೇ ಬೇಕು, ಅದು ಸುಳ್ಳು ಹೇಳಲ್ಲ.
ಪ್ರತಿ ಸ್ಪ್ಯಾನರಿನ ಆಕಾರ ಗೋಡೆಗೆ ಕಪ್ಪಲ್ಲಿ ಬರೆಸಬೇಕು,
ಒಂದು ಕಾಣೆಯಾದರೆ ಗೋಡೆಯೇ ಕೂಗಬೇಕು.
ಕೆಳಗಿಳಿದು ನಿಲ್ಲುವ ಗುಂಡಿ ಐದಡಿ ಆಳ,
‘ಬೇಡ, ಒಂದಿಂಚು ಕಮ್ಮಿ ಮಾಡಿ.
ವಯಸ್ಸಾಗ್ತಾ ಕುಗ್ತೀನಲ್ಲ.’
ಹೆಂಡತಿ ಪದ್ಮಲತಮ್ಮ ಫೋನಿನಲ್ಲಿ ಹೇಳಿದ್ದು ಒಂದೇ:
‘ಅಡುಗೆಮನೆ ಕಡೆಗೊಂದು ಕಿಟಕಿ ಇಡಮ್ಮ,
ಕಾಫಿಗೆ ಮೂರು ಸಲ ಕೂಗೋಕೆ ನನ್ನ ಕೈಲಾಗಲ್ಲ.’
ಅಳೆಯದೆ ಅವರು ಒಪ್ಪಿದ್ದು ಅದೊಂದನ್ನೇ.

ಗುಂಡಿ ತೋಡುವಲ್ಲಿ ಇರುವೆಗೂಡು ಸಿಕ್ಕಿತು.
ಕೆಲಸ ನಿಂತಿತು. ಎರಡು ದಿನ ಕುರ್ಚಿ ಹಾಕಿ ಕೂತು
ಇರುವೆಗಳು ಮೊಟ್ಟೆ ಹೊತ್ತು ಪಕ್ಕದ ಸೈಟಿಗೆ ಹೋಗುವುದನ್ನು ಕಾದರು.
ಮೇಸ್ತ್ರಿ ಚೌಡಪ್ಪ ನನ್ನನ್ನು ನೋಡಿದ, ನಾನು ಆಕಾಶ ನೋಡಿದೆ.
ಕೂಲಿ ಮಾತ್ರ ಎರಡೂ ದಿನದ್ದು ಕೊಟ್ಟರು.

ಬಾಗಿಲ ಅಳತೆ ಕೊನೆಗೊಮ್ಮೆ ನೋಡೋಣವೆಂದು
ಕೇಳಿದೆ: ‘ಕಾರು ಈಗ ಎಲ್ಲಿದೆ ಸರ್?’
‘ಅರಸೀಕೆರೇಲಿ.’
‘ರಿಪೇರಿಗಾ?’
‘ಇಲ್ಲ. ಅವರ ಮನೇಲೇ.’
‘ಯಾರ ಮನೇಲಿ?’
ಚೌಡಪ್ಪನ ಕರಣೆ ಗಾಳಿಯಲ್ಲೇ ನಿಂತಿತು.

ಮೂವತ್ತೆಂಟು ವರ್ಷದ ಹಿಂದೆ ರೈಲ್ವೆ ಡಾಕ್ಟರ ಕಾರು ಕೆಟ್ಟು ನಿಂತಿತ್ತಂತೆ.
ಒಂದು ಭಾನುವಾರ ಬೆಳಗಿಂದ ಸಂಜೆವರೆಗೆ
ಅದರಡಿ ಮಲಗಿದ್ದರಂತೆ.
ಅಷ್ಟೇ. ಒಂದು ಭಾನುವಾರ.
ಡಾಕ್ಟರಿಲ್ಲ, ತಂಗಿ ಗ್ರೇಸಮ್ಮ ಇದ್ದಾರೆ, ಕಾರು ಟಾರ್ಪಾಲಿನಡಿ ಇದೆ.
‘ಕೇಳಿದೀರಾ?’
‘ಇರೋಕೆ ಜಾಗ ತೋರಿಸ್ದೆ ಹೆಣ್ಣು ಕೇಳೋಕೆ ಹೋಗ್ತಾರೇನಮ್ಮ?’

ಸ್ಲ್ಯಾಬು ಹಾಕಿದ ಮೂರನೆಯ ದಿನ
ನನ್ನ ನಕ್ಷೆ ಸುರುಳಿ ಸುತ್ತಿಕೊಂಡು
ಅರಸೀಕೆರೆ ಬಸ್ಸು ಹತ್ತಿದರು.
ಚುಕ್ಕೆ ಗೆರೆಯಲ್ಲಿ ನಾನು ಬಿಡಿಸಿದ ಕಾರಿನ ಮುಂದಿನ
ಖಾಲಿ ಜಾಗದ ಮೇಲೆ ಗ್ರೇಸಮ್ಮ ಬೆರಳಿಟ್ಟರಂತೆ.
‘ಇದೇನು?’
ಇವರು ಹೇಳಬೇಕಾಗಲಿಲ್ಲ. ಅವರೇ,
‘ಓ, ಬಗ್ಗೋಕೆ,’ ಅಂದರಂತೆ.

ಆಮೇಲೆ ಟಾರ್ಪಾಲು ಸರಿಸಿದರೆ
ಹಿಂದಿನ ಸೀಟಿನಲ್ಲಿ ಕೆಂಚು ಹೇಂಟೆಯೊಂದು ಕಾವಿಗೆ ಕೂತಿದೆ.
‘ಮರಿ ಆಗಲಿ, ಮಾತಾಡೋಣ.’

ಎಷ್ಟು ದಿನ ಎಂದು ನಾನು ಕೇಳಿದಾಗ
ಅವರು ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ ನಿಲ್ಲಿಸಿದ ನೀರಿಗೆ
ಪೈಪು ಹಿಡಿದಿದ್ದರು.
‘ಇಪ್ಪತ್ತೊಂದು. ಇದಕ್ಕೂ ಇಪ್ಪತ್ತೊಂದೇ.
ಅದು ಕೂತಿದ್ದು ಬುಧವಾರವಂತೆ.
ನಮ್ಮದು ಗುರುವಾರ.
ಒಂದು ದಿನ ನಾವೇ ಹಿಂದೆ.’